ಪುಟ್ಟುವಿನ ಕಾರ್ಡು

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮಗನನ್ನು ಪುಟ್ಟು ಅಂತ ಕರೆಯೋಣ.

2025ರ ಅಕ್ಟೋಬರ್, ದಸರಾ ಮುಗಿದ ವಾರ. ಮೈಸೂರಿನ ಕುವೆಂಪುನಗರದಿಂದ ತೆರಿಗೆಯ ವಿಷಯ ಕೇಳಲು ಗಂಡ ಹೆಂಡತಿ ನನ್ನ ಬಳಿ ಬಂದರು. ಅವರಿಗೆ 71, ಆಕೆಗೆ 66. ಯಜಮಾನರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಜೊತೆಗೆ 34 ವರ್ಷದ ಪುಟ್ಟು. ಬಂದವನೇ ನನ್ನ ಫ್ಯಾನಿನ ಸ್ವಿಚ್ ಹಾಕಿ ಕೂತ. ಅವನಿಗೆ ಹುಟ್ಟಿನಿಂದ ಬೌದ್ಧಿಕ ಅಸಾಮರ್ಥ್ಯ.

‘ಬಡ್ಡಿ ಮೇಲೆ ಟಿಡಿಎಸ್ ಅಂತ ಮೊದಲೇ ತೆರಿಗೆ ಹಿಡಿದಿದ್ದಾರೆ. ಇಂಥ ಮಗ ಇದ್ದರೆ ಆದಾಯದಲ್ಲಿ 75 ಸಾವಿರ ಕಳೀಬಹುದಂತೆ, ಹೌದಾ?’ ಅಂತ ಯಜಮಾನರು ಕೇಳಿದರು.

ಹೌದು, ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಅಂತ ಅದಕ್ಕೆ. ಅಸಾಮರ್ಥ್ಯ ಶೇ 40 ಅಥವಾ ಹೆಚ್ಚಿದ್ದರೆ 75,000, ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಇವರ ಪಿಂಚಣಿ, ಬಡ್ಡಿ ಎಲ್ಲ ಸೇರಿ ವರ್ಷಕ್ಕೆ ಎಂಟೂವರೆ ಲಕ್ಷ. ಹೊಸ ಪದ್ಧತಿಯಲ್ಲಿ 2025-26ಕ್ಕೆ 12 ಲಕ್ಷದವರೆಗೆ ತೆರಿಗೆಯೇ ಬೀಳುವುದಿಲ್ಲ. ರಿಟರ್ನ್ ಹಾಕಿದರೆ ಈ ವರ್ಷ ಹಿಡಿದದ್ದು ವಾಪಸ್ ಬರುತ್ತದೆ.

‘ಹಾಗಾದ್ರೆ ಅಸಾಮರ್ಥ್ಯದ ಸರ್ಟಿಫಿಕೇಟ್ ಬೇಡ ಅಲ್ವಾ?’ ಅಂದರು. ಮುಖ ಹಗುರಾಯಿತು. ಆಗ ನನಗೆ ಅನುಮಾನ ಬಂತು. ಇಷ್ಟು ವರ್ಷ ಮಾಡಿಸಿಯೇ ಇಲ್ಲವಾ?

ಇಲ್ಲ. ಆಕೆ ಹೇಳಿದರು. ಮಗಳ ಮದುವೆ ಆಗಬೇಕಿತ್ತು. ಸರ್ಟಿಫಿಕೇಟು, ಅಸಾಮರ್ಥ್ಯದ ಗುರುತಿನ ಕಾರ್ಡು ಮಾಡಿಸಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ಗಂಡಿನ ಕಡೆಯವರು ಏನಂತಾರೋ ಅಂತ ಭಯ. ಮದುವೆಯಾಗಿ ಹತ್ತು ವರ್ಷವಾಯಿತು. ಈ ಸಲ ಪುಟ್ಟುವನ್ನು ಹೆಗಲು ಹಿಡಿದು ಜಂಬೂಸವಾರಿ ತೋರಿಸಿದ್ದು ಅದೇ ಅಳಿಯ!

ಯಜಮಾನರಿಗೆ ಖಡಕ್ಕಾಗಿಯೇ ಹೇಳಿದೆ. ತೆರಿಗೆಗೆ ಆ ಕಾರ್ಡು ಬೇಡ, ನಿಮ್ಮ ಪಿಂಚಣಿಗೆ ಬೇಕು. ನಿಮ್ಮ ನಂತರ ಕುಟುಂಬ ಪಿಂಚಣಿ ಹೆಂಡತಿಗೆ. ಆಕೆಯ ನಂತರ, ದುಡಿದು ತಿನ್ನಲಾಗದ ಮಗನಿಗೆ ಅವನಿರುವಷ್ಟು ಕಾಲ. ಕೊನೆಯ ಮೂಲ ಸಂಬಳದ ಶೇ 30, ಮೇಲೆ ತುಟ್ಟಿಭತ್ಯೆ. ವಯಸ್ಸಿನ ಮಿತಿ ಇಲ್ಲ. ನೀವಿರುವಾಗಲೇ ಪಿಂಚಣಿ ಆದೇಶದಲ್ಲಿ ಅವನ ಹೆಸರು ಸೇರಿಸಿ, ಗಾರ್ಡಿಯನ್ ಯಾರು ಅಂತ ಬರೆದುಕೊಟ್ಟರೆ ಮುಂದೆ ಮಗಳು ಅಲೆಯುವುದು ತಪ್ಪುತ್ತದೆ. ನೀವು ಹೋದ ಮೇಲೆ ಇವನ ಅಸಾಮರ್ಥ್ಯ ಯಾವಾಗಿನಿಂದ ಅಂತ ಸಾಬೀತು ಮಾಡುವುದು ಯಾರು?

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆಕೆಯೇ ನೆನಪಿಸಿಕೊಂಡರು. ಚಿಕ್ಕಂದಿನಲ್ಲಿ ಮಾತು ಬರಲಿ ಅಂತ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದರು. ಆ ಫೈಲು ಅಟ್ಟದ ಮೇಲಿದೆ. ಮೊದಲು ಅದನ್ನು ಇಳಿಸಿ ಅಂದೆ.

ಇನ್ನೊಂದು ವಿಷಯ ಕಾಫಿ ಕುಡಿಯುವಾಗ ಬಂತು. ಪಾಂಡವಪುರದ ಹತ್ತಿರ ಆಕೆಯ ತವರಿನ ಜಮೀನು ಮಾರಿ 15 ಲಕ್ಷ ಬಂದಿದೆ. ಎಲ್ಲವನ್ನೂ ಪುಟ್ಟುವಿನ ಹೆಸರಿಗೆ ಹಾಕಿಬಿಡಿ ಅಂತ ನೆಂಟರೊಬ್ಬರ ಸಲಹೆ. ಬೇಡ ಅಂದೆ. ಅವನ ಹೆಸರಲ್ಲಿ ಬಡ್ಡಿ ಜಾಸ್ತಿಯಾದರೆ ನಾಳೆ ‘ಇವನಿಗೆ ಆದಾಯ ಇದೆಯಲ್ಲ’ ಅಂತ ಪಿಂಚಣಿಗೇ ತೊಡಕು. ಅವನ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗೂ ಬರಗಾಲವಿಲ್ಲ. ಅಂಚೆ ಕಚೇರಿಯಲ್ಲಿ ಆಕೆಯ ಹೆಸರಿಗೇ ಹಿರಿಯ ನಾಗರಿಕರ ಉಳಿತಾಯ ಯೋಜನೆ ಮಾಡಿಸಿ ಅಂದೆ. ಐದು ವರ್ಷದ ಅವಧಿ, ಆಗ ಶೇ 8.2 ಬಡ್ಡಿ. ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಕೈಗೆ. ಆಕೆಗೆ ಬೇರೆ ಆದಾಯವಿಲ್ಲ. ಹಾಗಾಗಿ ತನಗೆ ತೆರಿಗೆ ಬೀಳುವುದಿಲ್ಲ ಅಂತ ಬರೆದುಕೊಡುವ, ಆಗಿನ 15ಎಚ್ ಅರ್ಜಿ ಕೊಟ್ಟರೆ ಟಿಡಿಎಸ್ ಇಲ್ಲ. ಅಂದ ಹಾಗೆ, ಯಜಮಾನರ ಹಣವನ್ನು ಆಕೆಯ ಹೆಸರಿಗೆ ಹಾಕಿದ್ದರೆ ಬಡ್ಡಿ ಇವರ ಲೆಕ್ಕಕ್ಕೇ ಸೇರುತ್ತಿತ್ತು. ಇದು ತವರಿನದು, ಆಕೆಯದೇ. ಆಮೇಲೆ ಯಾರಿಗೆ ಹೇಗೆ ಅನ್ನುವುದನ್ನು ವಿಲ್‌ನಲ್ಲಿ ಬರೆಸಿ ಅಂದೆ.

ಕಾನೂನುಬದ್ಧ ಗಾರ್ಡಿಯನ್ ನೇಮಕಕ್ಕೆ ಕೋರ್ಟೇ ಆಗಬೇಕೆಂದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ.

ಕೆಲವು ತಿಂಗಳಾದ ಮೇಲೆ ಆಕೆ ಫೋನ್ ಮಾಡಿದರು. ಕಾರ್ಡು ಬಂದಿದೆ, ಪಿಂಚಣಿಯ ಅರ್ಜಿಯೂ ಹೋಗಿದೆ. ಮಗಳು ಗಾರ್ಡಿಯನ್ ಆಗಲು ಒಪ್ಪಿದ್ದಾಳೆ. ಪುಟ್ಟು ಮಾತ್ರ ಕಾರ್ಡನ್ನು ಜೇಬಿನಿಂದ ತೆಗೆಯುವುದೇ ಇಲ್ಲವಂತೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರಿಗೆ ಅದನ್ನೇ ತೋರಿಸಿದ್ದಾನೆ. ‘ಪಾಸ್ ಬೇರೆ ಮಾಡಿಸ್ಬೇಕಪ್ಪ’ ಅಂದರಂತೆ ಅವರು.

‘ಅದಕ್ಕೂ ಅರ್ಜಿ ಹಾಕೋಕೆ ಇವರೇ ಹೊರಟಿದ್ದಾರೆ’ ಅಂದರು ಆಕೆ. ‘ಬೆಳಿಗ್ಗೆಯಿಂದ ಅವನ ಫೋಟೋ ಹುಡುಕ್ತಾ ಇದ್ದಾರೆ.’