ಗಂಟಲಿನ ಸೋಂಕು ಹೆಬ್ಬೆರಳಿಗೆ ಇಳಿಯಿತಾ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 58 ವರ್ಷ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ನೆಗಡಿ, ಕೆಮ್ಮು, ಗಂಟಲು ನೋವು ಬಂದು ಎರಡು ದಿನ ಸರಿಯಾಗಿ ನೀರೂ ಕುಡಿಯಲಿಲ್ಲ. ಮೂರನೇ ರಾತ್ರಿ ಬಲಗಾಲಿನ ಹೆಬ್ಬೆರಳ ಬುಡ ಊದಿ ಕೆಂಪಾಯಿತು. ಮರುದಿನ ರಕ್ತ ಪರೀಕ್ಷೆ ಮಾಡಿಸಿದೆವು. ಯೂರಿಕ್ ಆಸಿಡ್ 6.1, ನಾರ್ಮಲ್ ಎಂದರು. ಹಾಗಾದರೆ ಗಂಟಲಿನ ಸೋಂಕೇ ಕಾಲಿಗೆ ಇಳಿದಿದೆಯಾ? ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಕೊಡಬಹುದಾ?

ಉತ್ತರ: ಅದನ್ನು ದಯವಿಟ್ಟು ಕೊಡಬೇಡಿ. ನೆಗಡಿ, ಕೆಮ್ಮಿನ ಜೊತೆ ಬರುವ ಗಂಟಲು ನೋವು ಹೆಚ್ಚಾಗಿ ವೈರಸ್ಸಿನದು. ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗಂಟಲು ನೋವೇ ಬೇರೆ. ಜ್ವರ ಇರುತ್ತದೆ, ಕೆಮ್ಮು ಇರುವುದಿಲ್ಲ, ಟಾನ್ಸಿಲ್ ಮೇಲೆ ಬಿಳಿ ಕಲೆ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. ಇಷ್ಟೆಲ್ಲ ಕಂಡರೂ ಗಂಟಲಿನ ಸ್ವಾಬ್ ಪರೀಕ್ಷೆ ಮಾಡಿದರೇ ಖಚಿತ. ಚಿಕಿತ್ಸೆ ಕೊಡದೆ ಬಿಟ್ಟರೆ ಕೆಲವು ಮಕ್ಕಳಿಗೆ ಎರಡು ಮೂರು ವಾರದ ನಂತರ ರುಮ್ಯಾಟಿಕ್ ಜ್ವರ ಬಂದು ಮೊಣಕಾಲು, ಹರಡು ಊದಿಕೊಳ್ಳುತ್ತವೆ. ನಿಮ್ಮ ತಂದೆಯವರದು ಆ ಲಕ್ಷಣವಲ್ಲ.

ನನಗೆ ಅನುಮಾನ ಇರುವುದು ಗೌಟ್ ಎಂಬ ಕೀಲು ಊತದ ಕಾಯಿಲೆ ಮೇಲೆ. ಇಂಥವರು ನನ್ನ ಹತ್ತಿರ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಬರುತ್ತಾರೆ. ಬೆರಳಿನ ಚರ್ಮ ಕೆಂಪಗೆ, ಬಿಗಿದು ಹೊಳೆಯುತ್ತಿರುತ್ತದೆ. ರಾತ್ರಿ ಹೊದಿಕೆ ತಾಗಿದರೂ ಜೀವ ಹೋಗುತ್ತದೆ ಎನ್ನುತ್ತಾರೆ. ಯೂರಿಕ್ ಆಸಿಡ್ ಎಂಬ ರಕ್ತದಲ್ಲಿನ ತ್ಯಾಜ್ಯ ಸೂಜಿಯಂಥ ಹರಳಾಗಿ ಕೀಲಿನೊಳಗೆ ಕೂತಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ಕಾಯಿಲೆ ಬಿದ್ದರೆ ನೋವು ಕೆರಳಬಹುದು. ಗಂಟಲಿಗೂ ಬೆರಳಿಗೂ ಇರುವ ನಂಟು ಅಷ್ಟೇ ಇರಬಹುದು.

ಆ 6.1 ನೋಡಿ ಗೌಟ್ ಅಲ್ಲ ಅಂದುಕೊಳ್ಳಬೇಡಿ. ನೋವು ಜೋರಾಗಿರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ಇಳಿದು ಕಾಣುವುದುಂಟು. ಎಷ್ಟೋ ಜನ ಇದೇ ರಿಪೋರ್ಟ್ ನೋಡಿ ಸುಮ್ಮನಾಗಿ, ಆರು ತಿಂಗಳ ನಂತರ ಮತ್ತೆ ಅದೇ ನೋವಿನಲ್ಲಿ ಬಂದಿದ್ದಾರೆ. ಬಹಳ ಸಂಕಟವಾಗುತ್ತದೆ. ಊತ ಇಳಿದು ಎರಡು ವಾರ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಇದಕ್ಕೆ ವಿರುದ್ಧವೂ ನಿಜ. ಯೂರಿಕ್ ಆಸಿಡ್ ಜಾಸ್ತಿ ಇದ್ದವರಿಗೆಲ್ಲ ಗೌಟ್ ಬರುವುದಿಲ್ಲ. ಅನುಮಾನ ಉಳಿದರೆ ಕೀಲಿನಿಂದ ಸ್ವಲ್ಪ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹರಳು ಕಂಡರೆ ಗೌಟ್ ಎಂದು ಖಚಿತ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಜ್ವರ, ಚಳಿ ನಡುಕ ಇದ್ದರೆ, ಕೀಲಿನೊಳಗೇ ಕೀವು ಆಗಿರಬಹುದು. ಅದೂ ನೋಡಲು ಹೀಗೇ ಇರುತ್ತದೆ, ಒಂದೆರಡು ದಿನದಲ್ಲೇ ಕೀಲನ್ನು ಹಾಳು ಮಾಡಬಲ್ಲದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಜ್ವರ ಇಲ್ಲದಿದ್ದರೂ ನಾಳೆಯೇ ವೈದ್ಯರಿಗೆ ತೋರಿಸಿ. ಊತ ಇಳಿಸುವ ಮಾತ್ರೆಯನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಆದರೆ ಕಿಡ್ನಿ ನೋಡಿಯೇ ಅದನ್ನು ಆರಿಸಬೇಕು, ನೀವಾಗಿ ತಂದು ಕೊಡಬೇಡಿ. ಬಿಪಿ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಮೂತ್ರ ಹೆಚ್ಚು ಹೋಗುವಂತೆ ಮಾಡುವ ಕೆಲವು ಬಿಪಿ ಮಾತ್ರೆಗಳು ಯೂರಿಕ್ ಆಸಿಡ್ ಏರಿಸುತ್ತವೆ. ಬದಲಾಯಿಸಬೇಕಾ ಎಂದು ಅವರನ್ನೇ ಕೇಳಿ, ಅಲ್ಲಿಯವರೆಗೆ ನಿಲ್ಲಿಸಬೇಡಿ.