ಹಳೇ ಫ್ಲಾಟ್‌ಹೆಡ್ ಇಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಬಹುದಾ?

ಹೋದ ಸಂಚಿಕೆಯಲ್ಲಿ ಸೈಡ್ ವಾಲ್ವ್, ಅಂದರೆ ಫ್ಲಾಟ್‌ಹೆಡ್ ಇಂಜಿನ್ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಪತ್ರಗಳು ಬಂದು ಬಿದ್ದವು. ಹೆಚ್ಚಿನವರು ಕೇಳಿರುವುದು ಒಂದೇ: ಆರು ಸಿಲಿಂಡರಿನ ಹಳೇ ಫ್ಲಾಟ್‌ಹೆಡ್ಡಿಗೆ ಸೂಪರ್‌ಚಾರ್ಜರಿನಿಂದ (ಇಂಜಿನ್ನೇ ತಿರುಗಿಸೋ ಗಾಳಿ ಒತ್ತುವ ಯಂತ್ರ, ಬ್ಲೋವರ್ ಅಂತಲೂ ಕರೀತಾರೆ) ಗಾಳಿಯನ್ನು ಒತ್ತಿ ತುಂಬಿಸಿದರೆ ತಡೆಯುತ್ತಾ? ಕೆಲವು ಪತ್ರಗಳಿಗೆ ಇಲ್ಲಿ ಉತ್ತರ ಇದೆ.

ಪ್ರಶ್ನೆ: ತಾತನ ಕಾಲದ ಡಾಡ್ಜ್ ಕಿಂಗ್ಸ್‌ವೇ ನಮ್ಮ ಮನೆಯಲ್ಲಿದೆ. ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡುತ್ತೆ, ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಏದುಸಿರು ಬಿಡುತ್ತೆ. ಸೂಪರ್‌ಚಾರ್ಜರ್ ಹಾಕಿದರೆ ಬ್ಲಾಕ್ ಒಡೆಯುತ್ತೆ ಅಂತ ಗ್ಯಾರೇಜಿನವರು ಹೆದರಿಸುತ್ತಾರೆ. ನಿಜವಾ ಸರ್? (ಮೈಸೂರಿನ ಓದುಗರು)

ಬ್ಲಾಕ್ ಅಷ್ಟು ಸುಲಭಕ್ಕೆ ಒಡೆಯಲ್ಲ. ಹೆದರಬೇಕಾದ್ದು ಬಿಸಿಗೆ.

ಅಮೆರಿಕದ ಕಂಪನಿಗಳೇ ಇದನ್ನು ಮಾಡಿ ಶೋರೂಮಿನಲ್ಲಿಟ್ಟು ಮಾರಿದ್ದವು. ಗ್ರಹಾಂ-ಪೇಜ್ ಕಂಪನಿ 1934ರಲ್ಲಿ ಎಂಟು ಸಿಲಿಂಡರಿನ ಕಾರಿಗೆ ಸೂಪರ್‌ಚಾರ್ಜರ್ ಕೊಟ್ಟಿತು, 1936ರಲ್ಲಿ ಆರು ಸಿಲಿಂಡರಿನ ಫ್ಲಾಟ್‌ಹೆಡ್ಡಿಗೂ ಕೊಟ್ಟಿತು. ಅದು 217.8 ಘನ ಇಂಚಿನ ಇಂಜಿನ್, ಬೋರ್ (ಸಿಲಿಂಡರಿನ ಅಗಲ) 3.25 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 4.375 ಇಂಚು. ಪವರ್ 112 ಎಚ್‌ಪಿ, ಆಮೇಲೆ 116ಕ್ಕೆ ಏರಿತು. ಇನ್ನು ತಮಾಷೆ ನೋಡಿ, 1940ರ ದಶಕದ ಪ್ಲಿಮತ್ ಇಂಜಿನ್ನಿನ ಬೋರು, ಸ್ಟ್ರೋಕು ಕೂಡ ಇಂಚಿಗೆ ಇಂಚು ಇದೇ. ಬ್ಲೋವರ್ ಇಲ್ಲದೆ ಅದು ಕೊಡುತ್ತಿದ್ದದ್ದು 95-97 ಎಚ್‌ಪಿ. ನಿಮ್ಮ ಕಿಂಗ್ಸ್‌ವೇ ಆ ಪ್ಲಿಮತ್ತಿನ ಮೇಲೇ ಕಟ್ಟಿದ ಕಾರು, ನಮ್ಮಲ್ಲಿ ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಜೋಡಿಸಿ ಮಾರುತ್ತಿತ್ತು. ಅಂದಮೇಲೆ ಗ್ರಹಾಂ ಕಾರಿನ ಲೆಕ್ಕ ನಿಮಗೆ ಹತ್ತಿರದ ಲೆಕ್ಕವೇ. 1954ರ ಕೈಸರ್ ಮ್ಯಾನ್‌ಹ್ಯಾಟನ್ ಇನ್ನೊಂದು ಉದಾಹರಣೆ: 226 ಘನ ಇಂಚಿನ ಫ್ಲಾಟ್‌ಹೆಡ್, ಮೆಕ್‌ಕಲಕ್ ಸೂಪರ್‌ಚಾರ್ಜರ್, 118 ಇದ್ದದ್ದು 140 ಎಚ್‌ಪಿ ಆಯಿತು. ಎರಡು ಕಡೆಯೂ ಇಪ್ಪತ್ತು ಪರ್ಸೆಂಟ್ ಆಸುಪಾಸಿನ ಲಾಭ. ಅದಕ್ಕಿಂತ ಜಾಸ್ತಿ ಆಸೆ ಪಡಬೇಡಿ.

ಯಾಕೆ ಅಂದರೆ, ಫ್ಲಾಟ್‌ಹೆಡ್ಡಿನಲ್ಲಿ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನ ಒಳಗೇ ಕೂತಿರುತ್ತವೆ. ಗಾಳಿ-ಪೆಟ್ರೋಲ್ ಮಿಶ್ರಣ ಕೆಳಗಿಂದ ಮೇಲೆ ಬಂದು, ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೆ ತಾಗಿ, ಪಕ್ಕಕ್ಕೆ ಹೊರಳಿ ಸಿಲಿಂಡರಿಗೆ ಇಳಿಯಬೇಕು. ಒಳಗೆ ಬರೋ ದಾರಿಯ ಕಷ್ಟವನ್ನು ಬ್ಲೋವರ್ ಒತ್ತಿ ಒತ್ತಿ ಸರಿ ಮಾಡುತ್ತೆ, ಅಲ್ವಾ? ಹೊರಗೆ ಹೋಗೋ ದಾರಿಗೆ ಯಾರೂ ಸಹಾಯ ಮಾಡಲ್ಲ. ಸುಟ್ಟ ಹೊಗೆ ಬ್ಲಾಕಿನ ಒಳಗಿಂದಲೇ ಹಾದು ಹೋಗಬೇಕು, ಹೋಗುತ್ತಾ ಅದರ ಬಿಸಿಯನ್ನೆಲ್ಲ ನೀರಿಗೂ ಎಕ್ಸಾಸ್ಟ್ ವಾಲ್ವಿಗೂ ಬಿಟ್ಟು ಹೋಗುತ್ತೆ. ಹಾಗಾಗಿ ಮೊದಲು ಸೋಲೋದು ಎಕ್ಸಾಸ್ಟ್ ವಾಲ್ವ್, ಆಮೇಲೆ ಹೆಡ್ ಗ್ಯಾಸ್ಕೆಟ್.

ಬ್ಲೋವರ್ ಹುಡುಕೋಕೆ ಮೊದಲು ಒಂದು ಕೆಲಸ ಮಾಡಿ. ಡಾಡ್ಜ್, ಪ್ಲಿಮತ್ ಸೇರಿದ ಕ್ರೈಸ್ಲರ್ ಬಳಗದ ಈ ಇಂಜಿನ್ನುಗಳಲ್ಲಿ ವಾಟರ್ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ ಒಂದು ತಗಡಿನ ನಳಿಕೆ ಇರುತ್ತೆ. ತಣ್ಣನೆ ನೀರನ್ನು ಪ್ರತಿ ವಾಲ್ವಿನ ಹತ್ತಿರಕ್ಕೆ ಹಂಚೋದು ಅದರ ಕೆಲಸ. ಅರುವತ್ತು ಎಪ್ಪತ್ತು ವರ್ಷ ಆದಮೇಲೆ ಅದು ತುಕ್ಕು ಹಿಡಿದು ಪುಡಿಯಾಗಿರುತ್ತೆ, ನೀರೆಲ್ಲ ಮುಂದಿನ ಸಿಲಿಂಡರುಗಳಲ್ಲೇ ಸುತ್ತುತ್ತೆ, ಹಿಂದಿನ ಐದು ಮತ್ತು ಆರನೇ ಸಿಲಿಂಡರು ಬೇಯುತ್ತವೆ, ಟೆಂಪರೇಚರ್ ಮೀಟರ್ ಮಾತ್ರ ಎಲ್ಲ ಚೆನ್ನಾಗಿದೆ ಅಂತ ತೋರಿಸುತ್ತಲೇ ಇರುತ್ತೆ. ರೇಡಿಯೇಟರ್ ಇಳಿಸಿ ಆ ನಳಿಕೆ ಹೊರಗೆ ಎಳೆದು ಹೊಸದು ಹಾಕಿ. ಬ್ಲಾಕಿನ ತಳದ ಕೆಸರನ್ನೂ ಕೆರೆದು ತೆಗೆಸಿ. ಆಮೇಲೆ ಆರೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಒಳಗಾಗೋ ಒತ್ತಡ, ಅಳೆದು ನೋಡಿ. ಒಂದಕ್ಕೊಂದು ಹತ್ತು ಹದಿನೈದು ಪಿಎಸ್‌ಐಗಿಂತ (ಟೈರಿಗೆ ಗಾಳಿ ಹಿಡಿಸುವಾಗ ಹೇಳೋ ಒತ್ತಡದ ಅಳತೆ) ಜಾಸ್ತಿ ವ್ಯತ್ಯಾಸ ಇದ್ದರೆ ವಾಲ್ವ್ ಕೆಲಸ ಮಾಡಿಸಿ. ಎಷ್ಟೋ ಕಾರುಗಳು ಇಷ್ಟಕ್ಕೇ ಬೆಟ್ಟ ಹತ್ತಿಬಿಡುತ್ತವೆ.

ಗ್ಯಾಸ್ಕೆಟ್ ತರಿಸೋ ಮೊದಲು ಹೆಡ್ ಉದ್ದ ಅಳೆಯೋದು ಮರೀಬೇಡಿ. 23 ಇಂಚಿನದೂ ಇದೆ, 25 ಇಂಚಿನದೂ ಇದೆ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ.

ಪ್ರಶ್ನೆ: ಗುಜರಿಯಲ್ಲಿ ಲಾರಿ ಟರ್ಬೊ ಅಗ್ಗಕ್ಕೆ ಸಿಗುತ್ತೆ. ಬ್ಲೋವರಿಗಿಂತ ಅದೇ ವಾಸಿ ಅಲ್ವಾ? ಬೆಲ್ಟೂ ಬೇಡ, ಪುಲ್ಲಿಯೂ ಬೇಡ. (ಬೆಂಗಳೂರಿನ ಓದುಗರು)

ಅಗ್ಗ ಹೌದು. ಟರ್ಬೊ ಕೂಡ ಗಾಳಿ ಒತ್ತುತ್ತೆ, ಅದನ್ನು ತಿರುಗಿಸೋದು ಇಂಜಿನ್ನಿನಿಂದ ಹೊರಬರೋ ಹೊಗೆ. ಆದರೆ ಲಾರಿ ಟರ್ಬೊ ನಿಮ್ಮ ಇಂಜಿನ್ನಿಗೆ ತೀರಾ ದೊಡ್ಡದು. ಮೂರೂವರೆ ಲೀಟರಿನ ಫ್ಲಾಟ್‌ಹೆಡ್ ಓಡೋದೇ ಎರಡು ಮೂರು ಸಾವಿರ ಆರ್‌ಪಿಎಂನಲ್ಲಿ, ಅಷ್ಟು ಹೊಗೆಗೆ ಆ ಚಕ್ರ ತಿರುಗೋ ಹೊತ್ತಿಗೆ ನೀವು ಗೇರ್ ಬದಲಿಸಿರುತ್ತೀರಿ. ಗಾತ್ರದ ಲೆಕ್ಕದಲ್ಲಿ ಎರಡೂವರೆ ಲೀಟರಿನ ಡೀಸೆಲ್ ಜೀಪಿನ ಟರ್ಬೊ ಹೆಚ್ಚು ಹತ್ತಿರ. ಆದರೂ ಮೂರು ತಲೆನೋವು ಉಳಿಯುತ್ತೆ. ಡೀಸೆಲ್ ಟರ್ಬೊದ ವೇಸ್ಟ್‌ಗೇಟ್ (ಒತ್ತಡ ಮೀರಿದರೆ ಹೊಗೆಯನ್ನು ಪಕ್ಕಕ್ಕೆ ಬಿಡೋ ಬಾಗಿಲು) ಸ್ಪ್ರಿಂಗ್ ಗಟ್ಟಿ, ನಿಮಗೆ ಬೇಕಾದ ಐದು ಪಿಎಸ್‌ಐಗೆ ಅದು ಬಾಯಿ ಬಿಡಲ್ಲ, ಮೆದು ಸ್ಪ್ರಿಂಗ್ ಹಾಕಲೇಬೇಕು. ಪೆಟ್ರೋಲ್ ಇಂಜಿನ್ನಿನ ಹೊಗೆ ಡೀಸೆಲ್ಲಿನದಕ್ಕಿಂತ ತುಂಬ ಬಿಸಿ. ಇನ್ನು ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬ್ಯುರೇಟರನ್ನು ಟರ್ಬೊಗಿಂತ ಮುಂಚೆ ಇಟ್ಟರೆ, ಆಕ್ಸಿಲರೇಟರ್ ಬಿಟ್ಟಾಗ ಆಗುವ ಎಳೆತಕ್ಕೆ ಟರ್ಬೊದ ಎಣ್ಣೆಯೇ ಒಳಗೆ ಬರುತ್ತೆ. ಡೀಸೆಲ್ಲಿಗೆ ಆ ಎಳೆತ ಇರಲ್ಲ, ಹಾಗಾಗಿ ಎಣ್ಣೆ ತಡೆಯೋ ಕಾರ್ಬನ್ ಸೀಲನ್ನು ಆ ಟರ್ಬೊದಲ್ಲಿ ಇಟ್ಟಿರಲ್ಲ. ಆ ಎಣ್ಣೆ ಸುಟ್ಟು ಹಿಂದಿಂದ ನೀಲಿ ಹೊಗೆ ಬಂತು ಅಂತ ಪಿಸ್ಟನ್ ರಿಂಗ್ ಬದಲಿಸಿ ದುಡ್ಡು ಕಳ್ಕೋಬೇಡಿ.

ನನ್ನನ್ನು ಕೇಳಿದರೆ ಬೆಲ್ಟಿನ ಬ್ಲೋವರೇ ಈ ಇಂಜಿನ್ನಿಗೆ ಸರಿ. ನಿಧಾನಕ್ಕೆ ಓಡೋ ಇಂಜಿನ್ನಿಗೆ ನಿಧಾನದಲ್ಲೂ ಗಾಳಿ ಕೊಡೋ ಯಂತ್ರ ಬೇಕು. ಹೊರದೇಶದಲ್ಲಿ ಈಟನ್ ಎಂ90 ಅಥವಾ ಟೊಯೊಟಾ ಕಾರಿನ ಎಸ್‌ಸಿ14 ಬ್ಲೋವರ್ ಬಳಸುತ್ತಾರೆ. ಲೆಕ್ಕ ಹೀಗೆ: 217.8 ಘನ ಇಂಚು ಅಂದರೆ 3.57 ಲೀಟರ್. ಎರಡು ಸುತ್ತಿಗೆ ಒಮ್ಮೆ ತುಂಬುವುದರಿಂದ ಸುತ್ತಿಗೆ 1.78 ಲೀಟರ್. ಫ್ಲಾಟ್‌ಹೆಡ್ ಅದರಲ್ಲಿ ಮುಕ್ಕಾಲು ಭಾಗ ತುಂಬಿಕೊಂಡರೆ ಪುಣ್ಯ, ಅಂದರೆ ಸುಮಾರು 1.34 ಲೀಟರ್. ಐದು ಪಿಎಸ್‌ಐ ಒತ್ತಡ, ಗಾಳಿ ಬಿಸಿಯಾಗೋದು, ಬ್ಲೋವರಿನ ಸೋರಿಕೆ ಎಲ್ಲ ಸೇರಿಸಿದರೆ ಇಂಜಿನ್ನಿನ ಒಂದು ಸುತ್ತಿಗೆ 1.9 ಲೀಟರ್ ಒತ್ತೋ ಬ್ಲೋವರ್ ಬೇಕು. ಎಂ90 ಒಂದು ಸುತ್ತಿಗೆ ಒತ್ತೋದು ಸುಮಾರು 1.47 ಲೀಟರ್. ಹಾಗಾದರೆ ಪುಲ್ಲಿ ಅನುಪಾತ 1.3 ಸಾಕು (ಇಂಜಿನ್ ಒಂದು ಸುತ್ತು ತಿರುಗಿದರೆ ಬ್ಲೋವರ್ 1.3 ಸುತ್ತು). ಲೇತಿನವನಿಗೆ ಈ ಒಂದು ಅಂಕಿ ಹೇಳಿದರೆ ಆಯಿತು.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಿಮ್ಮ ಊರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಅಲ್ಲಿ ಹತ್ತು ಪರ್ಸೆಂಟ್ ಕಮ್ಮಿ. 97 ಎಚ್‌ಪಿ ಕಾರು ಬೆಂಗಳೂರಲ್ಲಿ 87ರ ಹತ್ತಿರ. ನೀವು ಹಾಕೋ ಐದು ಪಿಎಸ್‌ಐಯಲ್ಲಿ ಮೊದಲ ಒಂದೂವರೆ ಮಂಗಳೂರಿನ ಗಾಳಿಯನ್ನು ವಾಪಸ್ ತರೋಕೇ ಖರ್ಚಾಗುತ್ತೆ.

ಪ್ರಶ್ನೆ: ನಾನು ಮಿಶಿಗನ್‌ನಲ್ಲಿದ್ದೇನೆ. 226 ಇಂಜಿನ್ ಇರುವ ಹಳೇ ವಿಲ್ಲಿಸ್ ಜೀಪ್ ವ್ಯಾಗನ್ ತಗೊಂಡೆ. ಕೈಸರ್ ಕಾರಿನ ಬ್ಲೋವರ್ ಇದಕ್ಕೆ ಕೂರುತ್ತಾ? ಕಾರ್ಬ್ಯುರೇಟರನ್ನು ಬ್ಲೋವರಿಗೆ ಮುಂಚೆ ಇಡಬೇಕಾ, ಆಮೇಲಾ?

ಇಂಜಿನ್ ಮನೆತನ ಒಂದೇ. ವಿಲ್ಲಿಸ್ ಕಂಪನಿಯನ್ನು ಕೈಸರ್ 1953ರಲ್ಲಿ ಕೊಂಡ, ತನ್ನ 226 ಇಂಜಿನ್ನನ್ನು ಜೀಪಿಗೂ ಹಾಕಿದ. (ಗ್ರಹಾಂ-ಪೇಜ್ ಕಂಪನಿಯ ಕಾರು ವಿಭಾಗವೂ 1947ರಲ್ಲಿ ಕೈಸರ್-ಫ್ರೇಜರ್ ಕೈಗೇ ಬಂದಿತ್ತು. ಬ್ಲೋವರ್ ಫ್ಲಾಟ್‌ಹೆಡ್ಡುಗಳ ಎರಡು ಮನೆ ಹೀಗೆ ಬೀಗರಾದವು ಅನ್ನಿ.) ಬ್ರಾಕೆಟ್ಟು ಮತ್ತು ಪುಲ್ಲಿ ಸಾಲು ಜೀಪಿನಲ್ಲಿ ಬೇರೆ, ಅಷ್ಟು ಕೆಲಸ ನೀವೇ ಮಾಡಿಕೊಳ್ಳಬೇಕು.

ಎರಡನೇ ಪ್ರಶ್ನೆಯೇ ಮುಖ್ಯ. ಗ್ರಹಾಂನಲ್ಲಿ ಕಾರ್ಬ್ಯುರೇಟರ್ ಮುಂಚೆ, ಬ್ಲೋವರ್ ಆಮೇಲೆ. ಕಾರ್ಬ್ಯುರೇಟರಿಗೆ ಏನೂ ಗೊತ್ತೇ ಆಗಲ್ಲ, ಮಾಮೂಲಿನಂತೆ ಕೆಲಸ ಮಾಡುತ್ತೆ. ಮಿಶಿಗನ್ ಚಳಿಯಲ್ಲಿ ಮಾತ್ರ ಉದ್ದ ಪೈಪಿನ ಗೋಡೆಗೆ ಪೆಟ್ರೋಲ್ ಅಂಟಿಕೊಂಡು ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಕೈಸರ್‌ನಲ್ಲಿ ತಿರುಗುಮುರುಗು, ಬ್ಲೋವರ್ ಒತ್ತಿದ ಗಾಳಿ ಕಾರ್ಬ್ಯುರೇಟರ್ ಮೂಲಕ ಹಾಯುತ್ತೆ. ಆಗ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲೋ ಫ್ಲೋಟ್ ಬೌಲಿನ ಒಳಗೂ ಐದು ಪಿಎಸ್‌ಐ ಇರುತ್ತೆ, ಪೆಟ್ರೋಲ್ ಪಂಪ್ ಅದನ್ನು ಮೀರಿ ತಳ್ಳಬೇಕು, ಇಲ್ಲದಿದ್ದರೆ ಸರಿಯಾಗಿ ಜೋರು ಬೇಕಾದಾಗಲೇ ಪೆಟ್ರೋಲ್ ನಿಂತು ಮಿಶ್ರಣ ತೆಳ್ಳಗಾಗುತ್ತೆ. ಪಿಸ್ಟನ್ ತೂತಾಗೋದು ಆ ಗಳಿಗೆಯಲ್ಲೇ. ಮೆಕ್ಯಾನಿಕಲ್ ಪಂಪೇ ಇರಲಿ ಅಂದರೆ ಅದರ ಡಯಾಫ್ರಮ್ ಹಿಂಬದಿಗೂ ಬ್ಲೋವರ್ ಒತ್ತಡದ ಒಂದು ಪೈಪ್ ಕೊಡಿ. ಎಲೆಕ್ಟ್ರಿಕ್ ಪಂಪಾದರೆ ಬ್ಲೋವರ್ ಒತ್ತಡದ ಜೊತೆ ಏರೋ ರೆಗ್ಯುಲೇಟರ್ ಹಾಕಿ. ಹಿತ್ತಾಳೆಯ ಟೊಳ್ಳು ಫ್ಲೋಟ್ ಒತ್ತಡಕ್ಕೆ ನಜ್ಜುಗುಜ್ಜಾಗುತ್ತೆ, ಅದಕ್ಕೆ ಬದಲು ಗಟ್ಟಿ ಫೋಮಿನದು ಬೇಕು. ಥ್ರಾಟಲ್ ಕಡ್ಡಿಯ ಬುಷ್ ಸವೆದಿದ್ದರೆ ಪೆಟ್ರೋಲ್ ಹೊರಕ್ಕೆ ಚಿಮ್ಮುತ್ತೆ, ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ ಅನ್ನೋದು ನೆನಪಿರಲಿ. ಇಷ್ಟೆಲ್ಲ ರಗಳೆ ಬೇಡ ಅನ್ನೋರು ಗ್ರಹಾಂ ದಾರಿ ಹಿಡಿಯಿರಿ.

ಪ್ರಶ್ನೆ: ಈಗಿನ ಎಥನಾಲ್ ಪೆಟ್ರೋಲ್ ಹಾಕಿ ಬ್ಲೋವರ್ ಓಡಿಸಬಹುದಾ? ಟೈಮಿಂಗ್ ಎಷ್ಟಿಡಬೇಕು? (ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರು)

ನಾಕಿಂಗ್ (ಮಿಶ್ರಣ ತಾನಾಗೇ ಸಿಡಿಯೋದು) ವಿಚಾರದಲ್ಲಿ ನಿಮಗೆ ಅನುಕೂಲವೇ. ಏಳಕ್ಕೆ ಒಂದರ ಕಂಪ್ರೆಷನ್ ಇರೋ (ಏಳು ಪಾಲು ಮಿಶ್ರಣವನ್ನು ಒಂದು ಪಾಲಿಗೆ ಅದುಮೋ) ಇಂಜಿನ್ನಿಗೆ ಐದು ಪಿಎಸ್‌ಐ ಒತ್ತಿದರೆ ಅದು ಒಂಬತ್ತೂವರೆಯ ಹಾಗೆ ನಡೆದುಕೊಳ್ಳುತ್ತೆ. ಆ ಕಾಲದ ಪೆಟ್ರೋಲಿಗೆ ಇದು ದೊಡ್ಡ ಮಾತಾಗಿತ್ತು, ಈಗಿನದಕ್ಕೆ ಅಲ್ಲ. ಆದರೆ 20 ಪರ್ಸೆಂಟ್ ಎಥನಾಲ್ ಇದ್ದರೆ ಅದೇ ಜೆಟ್ಟಿನಲ್ಲಿ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರೋ ತೂತು) ಮಿಶ್ರಣ ಏಳೆಂಟು ಪರ್ಸೆಂಟ್ ತೆಳ್ಳಗಾಗುತ್ತೆ, ಹಾಗಾಗಿ ಮೇನ್ ಜೆಟ್ ದೊಡ್ಡದು ಮಾಡಲೇಬೇಕು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಎಲ್ಲ ಬದಲಿಸಿ. ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರೋ ಗಳಿಗೆ) ಲೆಕ್ಕ ಒರಟಾಗಿ ಒಂದು ಪಿಎಸ್‌ಐಗೆ ಒಂದು ಡಿಗ್ರಿ ಹಿಂದಕ್ಕೆ. ಪ್ಲಗ್ ಒಂದು ಮಟ್ಟ ತಣ್ಣನೆಯದು, ಗ್ಯಾಪ್ ಸ್ವಲ್ಪ ಕಮ್ಮಿ, ಯಾಕಂದರೆ ಒತ್ತಡದಲ್ಲಿ ಆರು ವೋಲ್ಟಿನ ಕಾಯಿಲ್‌ನ ಕಿಡಿ ಆರಿಹೋಗುತ್ತೆ.

ಪ್ರಶ್ನೆ: ಆರ್‌ಟಿಒ ಸುಮ್ನೆ ಇರುತ್ತಾ? (ಶಿವಮೊಗ್ಗ)

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ದೊಡ್ಡ ಬದಲಾವಣೆ ಆಗದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ, 'ವಿಎ' ನಂಬರು. ನೀವು ಆ ನಂಬರು ಬಯಸುವವರಾದರೆ ಬ್ಲೋವರ್ ಬೇಡ. ಬಿಚ್ಚಿ ತೆಗೆಯೋ ಹಾಗೆ, ಬ್ಲಾಕಿಗೆ ಒಂದು ತೂತೂ ಕೊರೆಯದೆ ಹಾಕುತ್ತೇನೆ ಅನ್ನೋರೂ ಮೊದಲು ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಬ್ಲೋವರ್ ಇಲ್ಲದೆ ಪವರ್ ಜಾಸ್ತಿ ಮಾಡೋ ದಾರಿ ಇಲ್ಲವೇ? (ಮಂಗಳೂರಿನ ಓದುಗರು)

ಇದೆ, ಅದಕ್ಕೆ ಅಮೆರಿಕದ ಹಡ್ಸನ್ ಹಾರ್ನೆಟ್ ಕಾರು ಸಾಕ್ಷಿ. 308 ಘನ ಇಂಚಿನ ಫ್ಲಾಟ್‌ಹೆಡ್ ಆರು ಸಿಲಿಂಡರು, 1951ರಲ್ಲಿ 145 ಎಚ್‌ಪಿ. ಮಾರನೇ ವರ್ಷ ಎರಡು ಕಾರ್ಬ್ಯುರೇಟರಿನ 'ಟ್ವಿನ್-ಎಚ್' ಬಂತು, 1954ಕ್ಕೆ 170 ಎಚ್‌ಪಿ ಆಯಿತು. ಅಮೆರಿಕದ ನ್ಯಾಸ್ಕಾರ್ ರೇಸುಗಳಲ್ಲಿ ವಿ8 ಕಾರುಗಳನ್ನು ವರ್ಷಗಟ್ಟಲೆ ಹಿಂದೆ ಹಾಕಿತ್ತು, ಅದೂ ಬ್ಲೋವರ್ ಇಲ್ಲದೆ. ನಿಮಗೂ ಎರಡು ಕಾರ್ಬ್ಯುರೇಟರು, ಮೂರು ಮೂರು ಸಿಲಿಂಡರಿಗೆ ಬೇರೆ ಎಕ್ಸಾಸ್ಟು, ಹೆಡ್ ಸ್ವಲ್ಪ ಮಿಲ್ಲಿಂಗ್ ಮಾಡಿಸೋದು (ತಳ ಸವೆಸೋದು), ಇಷ್ಟು ಸಾಧ್ಯ. ಮಿಲ್ಲಿಂಗ್ ಜಾಸ್ತಿಯಾದರೆ ವಾಲ್ವ್ ಹೆಡ್ಡಿಗೆ ತಾಗುತ್ತೆ, ಕ್ಲೇ ಇಟ್ಟು ಅಂತರ ಅಳೆದುಕೊಳ್ಳಿ. ಮುಂದೆ ಬ್ಲೋವರ್ ಹಾಕೋ ಯೋಚನೆ ಇದ್ದರೆ ಹೆಡ್ ಮುಟ್ಟಲೇಬೇಡಿ, ಕಂಪ್ರೆಷನ್ ಏರಿಸಿ ಅದರ ಮೇಲೆ ಒತ್ತಡವನ್ನೂ ಏರಿಸಿದರೆ ಗ್ಯಾಸ್ಕೆಟ್ ಅಂಗಡಿಯವನಿಗೆ ಮಾತ್ರ ಲಾಭ.