ಗಂಜಿ ಉಂಡ ಕೂಡಲೇ ತಡ್ಪೆ ಎಳೆಯಬೇಡಿ

ಪ್ರಶ್ನೆ: ಅಮ್ಮನಿಗೆ 54 ವರ್ಷ. ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುತ್ತಿದ್ದಾರೆ. ಮಧ್ಯಾಹ್ನ ಗಂಜಿ ಉಂಡು, ಕೈ ತೊಳೆದು, ಮತ್ತೆ ತಡ್ಪೆ (ಬೀಡಿ ಕಟ್ಟಲು ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರ) ಎಳೆದುಕೊಂಡು ಕೂರುತ್ತಾರೆ. ಸಂಜೆ ಹೊತ್ತಿಗೆ ಎದೆಯುರಿ, ಹುಳಿತೇಗು. ರಾತ್ರಿ ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಾರೆ. ಮೀನು ಸಾರು, ಉಪ್ಪಿನಕಾಯಿ ಎಲ್ಲ ಬಿಡಿಸಿ ನೋಡಿದೆವು. ಏನೂ ಬದಲಾಗಲಿಲ್ಲ. ಕೂರುವ ರೀತಿಗೂ ಹೊಟ್ಟೆಗೂ ಸಂಬಂಧ ಇದೆಯಾ ಡಾಕ್ಟ್ರೇ?
— ಹೆಸರು ಬೇಡ, ಸುರತ್ಕಲ್

ಉತ್ತರ: ಇದೆ. ನಿಮ್ಮ ಪತ್ರ ಓದುವಾಗ ನನ್ನ ಅಮ್ಮ ಕಣ್ಣ ಮುಂದೆ ಬಂದರು. ಅವರೂ ಬೀಡಿ ಕಟ್ಟಿದವರೇ. ನಾನು ಶಾಲೆಯಿಂದ ಬರುವಾಗ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟು, ಗಲ್ಲ ಎದೆಗೆ ತಾಗುವಷ್ಟು ಬಗ್ಗಿ ಕೂತಿರುತ್ತಿದ್ದರು. ಅವರಿಗೂ ಇದೇ ‘ಗ್ಯಾಸ್ಟ್ರಿಕ್’. ನಮ್ಮ ಮನೆಯಲ್ಲೂ ತಪ್ಪೆಲ್ಲ ಉಪ್ಪಿನಕಾಯಿಯ ಮೇಲೆಯೇ ಬೀಳುತ್ತಿತ್ತು.

ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಬಿಗಿ ಬಾಯಿ ಇದೆ. ಊಟವನ್ನು ಕೆಳಗೆ ಬಿಟ್ಟು ಮುಚ್ಚಿಕೊಳ್ಳುವುದು ಅದರ ಕೆಲಸ. ಬಗ್ಗಿ ಕೂತಾಗ ಹೊಟ್ಟೆ ಮಡಚಿ ಒಳಗಿನ ಒತ್ತಡ ಏರುತ್ತದೆ. ಒಂದು ದೊಡ್ಡ ಬಟ್ಟಲು ಗಂಜಿ ಅಂದರೆ ಅದರಲ್ಲಿ ನೀರೇ ಜಾಸ್ತಿ, ಅಲ್ವಾ? ಹಾಗೆ ತುಂಬಿದ ಜಠರವನ್ನು ಅದುಮಿದರೆ ಆ ಬಾಯಿ ಸೋಲುತ್ತದೆ, ಹುಳಿ ಮೇಲೆ ಬರುತ್ತದೆ. ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುವ ಅಭ್ಯಾಸವಿದ್ದರೆ ಒತ್ತಡ ಇನ್ನೂ ಜಾಸ್ತಿ. ಇದನ್ನು ಅಮ್ಮನ ಹತ್ತಿರ ಕೇಳಿ ನೋಡಿ. ನಾವು ಹೆಂಗಸರು ಇದನ್ನು ಡಾಕ್ಟರ ಹತ್ತಿರ ಹೇಳುವುದೇ ಇಲ್ಲ.

ಹಸಿವು ಸತ್ತಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಹೊಗೆಸೊಪ್ಪಿನ ಧೂಳು ಮೂಗಿನಿಂದ ಒಳಗೆ ಹೋಗುತ್ತದೆ, ಅದರಲ್ಲಿರುವ ನಿಕೋಟಿನ್ ಚರ್ಮದಿಂದಲೂ ಹೋಗುತ್ತದೆ. ಈ ನಿಕೋಟಿನ್ ಹಸಿವನ್ನು ತಗ್ಗಿಸುತ್ತದೆ, ನಾನು ಹೇಳಿದ ಆ ಬಾಯಿಯನ್ನೂ ಸಡಿಲ ಮಾಡುತ್ತದೆ. ಬೀಡಿ ಸೇದದವರಿಗೂ ಹೀಗೆ ಆಗಬಹುದು. ಆದ್ದರಿಂದ ಉಣ್ಣುವ ಮೊದಲು ಬರೀ ನೀರಲ್ಲಿ ಕೈ ಅದ್ದಿದರೆ ಸಾಲದು. ಸೋಪು ಹಾಕಿ ಮೊಣಕೈವರೆಗೆ ತೊಳೆಯಲಿ. ಕಿಟಕಿ ತೆರೆದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿ ಕೂರಲಿ.

ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ ಸಿಗುವಾಗ ಅರ್ಧ ಗಂಟೆಯೂ ದುಡ್ಡೇ ಅನ್ನುವುದು ನನಗೆ ಗೊತ್ತು. ಅದಕ್ಕೇ ಕೆಲಸದ ಕ್ರಮವನ್ನು ಸ್ವಲ್ಪ ಬದಲಿಸಿ. ಬ್ರಾಂಚಿಗೆ (ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗಕ್ಕೆ) ಬೀಡಿ ಕೊಡಲು ಹೋಗುವುದನ್ನು ಸಾಧ್ಯವಾದರೆ ಊಟದ ನಂತರಕ್ಕೆ ಇಟ್ಟುಕೊಳ್ಳಲಿ. ನಿಧಾನಕ್ಕೆ ನಡೆದ ಹಾಗೂ ಆಯಿತು, ಹೊಟ್ಟೆ ನೆಟ್ಟಗಿದ್ದ ಹಾಗೂ ಆಯಿತು. ಆ ದಿನ ಬ್ರಾಂಚಿಗೆ ಹೋಗಲಿಕ್ಕಿಲ್ಲದಿದ್ದರೆ ಪಾತ್ರೆ ತೊಳೆಯಲಿ, ಬಟ್ಟೆ ಒಣಗಿಸಲಿ. ಒಟ್ಟಿನಲ್ಲಿ ಅರ್ಧ ಗಂಟೆಯಾದರೂ ಬಗ್ಗುವುದು ಬೇಡ. ಕೂರುವಾಗ ಬೆನ್ನು ಗೋಡೆಗೆ ತಾಗಲಿ. ತೊಡೆಯ ಮೇಲೆ ಗಟ್ಟಿ ದಿಂಬು ಇಟ್ಟು ಅದರ ಮೇಲೆ ತಡ್ಪೆ ಇಡಲಿ. ಕೆಲಸ ಕಣ್ಣಿನ ಹತ್ತಿರ ಬಂದರೆ ಕುತ್ತಿಗೆ ಅಷ್ಟು ಬಗ್ಗಬೇಕಾಗಿಲ್ಲ. ನನ್ನ ಅಮ್ಮನಿಗೆ ಇದೊಂದರಿಂದಲೇ ಎಷ್ಟೋ ಹಾಯೆನಿಸಿತ್ತು.

ರಾತ್ರಿ ಮಲಗುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಯಲಿ. ಎಡಮಗ್ಗುಲಿಗೆ ಮಲಗಿದರೆ ಒಳ್ಳೆಯದು. ಆಗ ಜಠರ ಕೆಳಗೆ, ಅನ್ನನಾಳದ ಬಾಯಿ ಮೇಲೆ ಇರುತ್ತದೆ. ಎರಡು ಮೂರು ದಿಂಬು ಪೇರಿಸಬೇಡಿ, ಸೊಂಟ ಮಡಚಿ ಮತ್ತೆ ಅದೇ ಕಥೆ. ಮಂಚದ ತಲೆ ಕಡೆಯ ಕಾಲುಗಳಿಗೆ ಆರು ಇಂಚಿನ ಮರದ ತುಂಡು ಕೊಡಿ.

ಒಂದು ಮಾತು ಖಂಡಿತ ಕೇಳಬೇಕು. ಈ ವಯಸ್ಸಿನಲ್ಲಿ ಎರಡು ತುತ್ತಿಗೇ ಹೊಟ್ಟೆ ತುಂಬುವುದನ್ನು ಸುಮ್ನೆ ಬಿಡುವಂತಿಲ್ಲ. ಈ ವಾರವೇ ಡಾಕ್ಟರಿಗೆ ತೋರಿಸಿ, ಎಂಡೋಸ್ಕೋಪಿ ಬೇಕಾಗಬಹುದು. ತೂಕ ಇಳಿದಿದ್ದರೆ, ನುಂಗುವಾಗ ಸಿಕ್ಕಿಕೊಂಡ ಹಾಗಾದರೆ, ಮಲ ಡಾಂಬರಿನಂತೆ ಕಪ್ಪಾದರೆ ವಾರವೂ ಕಾಯಬೇಡಿ. ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ ಗ್ಯಾಸ್ ಅಂತ ಓಮದ ನೀರು ಕೊಟ್ಟು ಕೂರಬೇಡಿ. ಅದು ಹೃದಯದ್ದಿರಬಹುದು, ಆಗಿಂದಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಊರಿನ ಮನೆ ಬಿಟ್ಟು ಕದ್ರಿಯ ಫ್ಲಾಟಿಗೆ ಬಂದ ಮೇಲೆ ಅಪ್ಪನಿಗೆ ಮಲಬದ್ಧತೆ. ಇಲ್ಲಿ ಕಮೋಡ್ ಮಾತ್ರ ಇದೆ. ಅದಕ್ಕೇ ಹೀಗೆ ಅನ್ನುತ್ತಾರೆ. ನಿಜವಾ?
— ಓದುಗರು, ಮಂಗಳೂರು

ಉತ್ತರ: ಅಪ್ಪ ಹೇಳುವುದರಲ್ಲಿ ಹುರುಳಿದೆ. ಕುಕ್ಕರಗಾಲಲ್ಲಿ ಕೂತಾಗ ಗುದದ್ವಾರದ ಹತ್ತಿರದ ಒಂದು ಸ್ನಾಯು ಸಡಿಲವಾಗಿ ದಾರಿ ನೇರವಾಗುತ್ತದೆ. ಕಮೋಡಿನಲ್ಲಿ ಅಷ್ಟು ನೇರವಾಗುವುದಿಲ್ಲ. ಕಾಲಡಿಗೆ ಏಳೆಂಟು ಇಂಚಿನ ಸ್ಟೂಲು ಇಟ್ಟು, ಸ್ವಲ್ಪ ಮುಂದಕ್ಕೆ ಬಾಗಿ ಕೂರಲಿ. ಊರಲ್ಲಿ ತೋಟಕ್ಕೆ ಹೋಗಿ ಬರುತ್ತಿದ್ದ ನಡಿಗೆಯೂ ಈಗ ನಿಂತಿರಬಹುದು. ಬೆಳಿಗ್ಗೆ ಕದ್ರಿ ಪಾರ್ಕಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಸ್ಟೂಲು ಒದ್ದೆ ನೆಲದಲ್ಲಿ ಜಾರದ ಹಾಗೆ ಅದರ ಅಡಿಗೆ ರಬ್ಬರ್ ಇರಲಿ.